ಕಾಸರಗೋಡಿನಲ್ಲಿ ಹೊಸದಾಗಿ ಮನೆ ಮಾಡುವವರಿಗೆ: ಮೊದಲ ವರ್ಷದ ಮಾರ್ಗದರ್ಶಿ

ಕರ್ನಾಟಕದ ಬೇರೆ ಬೇರೆ ಊರುಗಳಿಂದ ಕಾಸರಗೋಡಿಗೆ ಬಂದು ನೆಲೆಸುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯಕ್ಕೆ, ಬ್ಯಾಂಕಿಗೆ, ರೈಲ್ವೆಗೆ ವರ್ಗವಾಗಿ ಬಂದವರು ಕೆಲವರು. ಮದುವೆಯಾಗಿ ಬಂದವರು, ನಿವೃತ್ತರಾದ ಮೇಲೆ ಎರಡು ಎಕರೆ ಅಡಿಕೆ ತೋಟ ಕೊಂಡು ಬಂದವರು ಇನ್ನು ಕೆಲವರು. ಹೀಗೆ ಬಂದವರಲ್ಲಿ ಎರಡು ಬಗೆಯವರನ್ನು ನಾನು ನೋಡುತ್ತಾ ಬಂದಿದ್ದೇನೆ. ಒಬ್ಬರು ಕುಂಬಳೆ ಪೇಟೆಯಲ್ಲಿ ಕನ್ನಡ ಫಲಕ ಕಂಡು, ಅಂಗಡಿಯಲ್ಲಿ ಕನ್ನಡ ಕೇಳಿ, ಇದು ಕರ್ನಾಟಕವೇ ಎಂದುಕೊಂಡು ಬಿಡುತ್ತಾರೆ. ಮೊದಲ ವಿದ್ಯುತ್ ಬಿಲ್ಲು ಮಲಯಾಳದಲ್ಲಿ ಬಂದಾಗ ದಿಗಿಲಾಗುತ್ತಾರೆ. ಇನ್ನೊಬ್ಬರು ಇದನ್ನು ಮಂಗಳೂರಿನ ಹೊರಚಾವಡಿ ಎಂದು ಭಾವಿಸಿ, ಶನಿವಾರ ಮಧ್ಯಾಹ್ನವೇ ಗಡಿ ದಾಟುತ್ತಾರೆ. ವಾರದ ಸಾಮಾನು, ದೇವಸ್ಥಾನ, ಡಾಕ್ಟರು, ಸ್ನೇಹಿತರು ಎಲ್ಲವೂ ಅವರಿಗೆ ಅಲ್ಲಿಯೇ. ಇಲ್ಲಿ ಅವರು ಮಲಗಲು ಮಾತ್ರ ಇರುತ್ತಾರೆ, ವರ್ಷಗಳು ಕಳೆದರೂ ಅವರ ಮನೆ ಬಾಡಿಗೆ ಮನೆಯಾಗಿಯೇ ಉಳಿಯುತ್ತದೆ.

ಕಾಸರಗೋಡನ್ನು ಕಾಸರಗೋಡಾಗಿಯೇ ಒಪ್ಪಿಕೊಂಡವರಿಗೆ ಈ ನೆಲ ಬೇಗನೆ ಒಲಿಯುತ್ತದೆ. ಕನ್ನಡವನ್ನು ಬಿಡದೆ, ಮಲಯಾಳಕ್ಕೆ ಬೆನ್ನು ತಿರುಗಿಸದೆ, ಇಲ್ಲಿನ ನೀರು, ಮಳೆ, ಹಬ್ಬ, ಅರ್ಜಿ ಎಲ್ಲದಕ್ಕೂ ಕೈಹಾಕಿದರೆ ಒಂದು ವರ್ಷ ಸಾಕು. ಆ ಒಂದು ವರ್ಷಕ್ಕೆ ಬೇಕಾದ್ದನ್ನು ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಮನೆ ಹುಡುಕುವ ಮೊದಲು ಹೊಳೆಯ ಯಾವ ದಡ ಎಂದು ತೀರ್ಮಾನಿಸಿ

ಕೊಡಗಿನ ಕಡೆಯಿಂದ ಹರಿದು ಬರುವ ಪಯಸ್ವಿನಿ, ಕಾಸರಗೋಡು ಪೇಟೆಯ ತೆಂಕು ಮಗ್ಗುಲಲ್ಲಿ ಚಂದ್ರಗಿರಿ ಹೊಳೆಯಾಗಿ ಕಡಲು ಸೇರುತ್ತದೆ. ತುಳುನಾಡಿನ ತೆಂಕಣ ಗಡಿ ಎಂದು ಹಳಬರು ಹೇಳುವುದು ಈ ಹೊಳೆಯನ್ನೇ. ಬಡಗು ದಡದಲ್ಲಿ, ಅಂದರೆ ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಪೈವಳಿಕೆ, ಎಣ್ಮಕಜೆ ಕಡೆಗಳಲ್ಲಿ ಕನ್ನಡ ಮತ್ತು ತುಳುವಿನಲ್ಲಿ ದಿನ ಕಳೆಯಬಹುದು. ತೆಂಕು ದಡದಲ್ಲಿ, ಬೇಕಲ, ಪೆರಿಯ, ಹೊಸದುರ್ಗ, ನೀಲೇಶ್ವರದ ಕಡೆ, ಬೀದಿಯ ಮಾತು ಮಲಯಾಳ. ಅಲ್ಲಿಯೂ ಕನ್ನಡದ ಮನೆಗಳಿವೆ, ಆದರೆ ಹುಡುಕಬೇಕು. ಪೆರಿಯದಲ್ಲಿ ಕೆಲಸ ಮಾಡುವವರು ಮಕ್ಕಳ ಕನ್ನಡ ಶಾಲೆಗಾಗಿ ಕಾಸರಗೋಡಿನ ವಿದ್ಯಾನಗರದಲ್ಲಿ ಮನೆ ಮಾಡಿ ದಿನವೂ ಹೋಗಿ ಬರುವುದು ಒಳ್ಳೆಯ ದಾರಿ.

ಕರಾವಳಿಯ ಪಟ್ಟಿಯೋ ಒಳನಾಡಿನ ಗುಡ್ಡವೋ ಎಂಬುದು ಎರಡನೆಯ ಪ್ರಶ್ನೆ. ರೈಲು ಕಡಲಿನ ಅಂಚಿನಲ್ಲಿ ಓಡುತ್ತದೆ, ರಾಷ್ಟ್ರೀಯ ಹೆದ್ದಾರಿ 66 ಕೂಡ ಅಲ್ಲಿಯೇ. ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಬೆಂಗಳೂರಿಗೆ ರಾತ್ರಿ ರೈಲು ಕೂಡ ಇದೆ. ಒಳನಾಡಿನಲ್ಲಿ ಬಾಡಿಗೆ ಕಡಿಮೆ, ಗಾಳಿ ತಂಪು. ಆದರೆ ಸಂಜೆಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳದೆ ಮುಂಗಡ ಕೊಡಬೇಡಿ.

ಜಾಗ ಕೊಳ್ಳುವವರು ಅಳತೆಯನ್ನು ತಿಳಿದುಕೊಂಡಿರಬೇಕು. ಇಲ್ಲಿ ಗುಂಟೆಯ ಲೆಕ್ಕವಿಲ್ಲ, ಎಲ್ಲವೂ ಸೆಂಟ್ಸ್. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್.

ಹೆಜ್ಜೆ 2: ಬಾವಿಯನ್ನು ನೋಡಿ, ಆಮೇಲೆ ಮನೆಯನ್ನು

ಇದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ಇದು. ಆದರೂ ಏಪ್ರಿಲ್ ಬಂತೆಂದರೆ ನೀರಿಗೆ ಕೊಡ ಹಿಡಿಯಬೇಕಾದ ಊರುಗಳಿವೆ. ಇಳಿಜಾರಿನ ಗುಡ್ಡಗಳು, ಮೇಲೆ ಮುರಕಲ್ಲಿನ ಹಾಸು. ಬಿದ್ದ ಮಳೆ ತೋಡು ಹಿಡಿದು ಕೆಲವೇ ಗಂಟೆಗಳಲ್ಲಿ ಕಡಲು ಸೇರುತ್ತದೆ. ಮಳೆಗಾಲದಲ್ಲಿ ಮನೆ ನೋಡಲು ಬಂದವರಿಗೆ ಬಾವಿ ತುಂಬಿ ತುಳುಕುವುದು ಕಾಣುತ್ತದೆ. ಅದನ್ನು ನಂಬಬೇಡಿ. "ವಿಷು ಕಳೆದ ಮೇಲೆ ಇದರಲ್ಲಿ ಎಷ್ಟು ನೀರು ನಿಲ್ಲುತ್ತದೆ?" ಎಂದು ಕೇಳಿ, ವಿಷು ಎಂದರೆ ಏಪ್ರಿಲ್ ನಡುವಿನ ಸೌರ ಯುಗಾದಿ. ಮನೆಯ ಮಾಲೀಕರನ್ನು ಕೇಳಿದ ಮೇಲೆ ಪಕ್ಕದ ಮನೆಯವರನ್ನೂ ಕೇಳಿ. ಕಡಲಿನ ಹತ್ತಿರವೋ ಹೊಳೆಯ ಅಳಿವೆಯ ಹತ್ತಿರವೋ ಮನೆಯಿದ್ದರೆ, ಬೇಸಿಗೆಯಲ್ಲಿ ನೀರು ಉಪ್ಪಾಗುತ್ತದೆಯೇ ಎಂದೂ ವಿಚಾರಿಸಬೇಕು.

ಬಾಯಾರು, ಪಡ್ರೆ, ಬದಿಯಡ್ಕದ ಕಡೆಯ ಗುಡ್ಡಗಳಲ್ಲಿ ನಿಮಗೆ ಸುರಂಗದ ನೀರು ಸಿಗಬಹುದು. ಗುಡ್ಡದ ಹೊಟ್ಟೆಯೊಳಗೆ ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲದಲ್ಲಿ ಅಡ್ಡಕ್ಕೆ ಕೊರೆದ ದಾರಿ ಅದು. ಒಸರು ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹರಿದು ಬರುತ್ತದೆ. ಎಷ್ಟೋ ಸುರಂಗಗಳನ್ನು ಒಬ್ಬಿಬ್ಬರು ಕೆಲಸಗಾರರು ಎಣ್ಣೆಯ ದೀಪದ ಬೆಳಕಿನಲ್ಲಿ ತಿಂಗಳುಗಟ್ಟಲೆ ಅಗೆದಿದ್ದಾರೆ. ಅಂಥ ನೀರು ಮನೆಗೆ ಬರುತ್ತಿದ್ದರೆ ಅದು ಯಾರ ಜಾಗದಿಂದ ಹೊರಡುತ್ತದೆ, ಯಾರು ಯಾರು ಹಂಚಿಕೊಳ್ಳುತ್ತಾರೆ, ಯಾವ ಹೊತ್ತಿಗೆ ಯಾರ ಸರದಿ ಎಂದು ಮೊದಲ ವಾರದಲ್ಲಿಯೇ ತಿಳಿದುಕೊಳ್ಳಿ. ಹೊಸಬರು ತಿಳಿಯದೆ ಪೈಪು ತಿರುಗಿಸಿದ್ದಕ್ಕೇ ನೆರೆಹೊರೆಯ ಮೊದಲ ಜಗಳ ಹುಟ್ಟುತ್ತದೆ. ಸುರಂಗದ ಒಳಗೆ ಮಾತ್ರ ನೀವಾಗಿ ಹೋಗಬೇಡಿ. ಮಣ್ಣು ಕುಸಿಯುವ ಅಪಾಯವಿರುತ್ತದೆ.

ಮಳೆ ಶುರುವಾದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ಇಲ್ಲಿ ರೂಢಿ. ಹಾಕುವ ಕ್ರಮ ಹೀಗೆ: ಸಾವಿರ ಲೀಟರ್ ನೀರಿಗೆ ಎರಡೂವರೆ ಗ್ರಾಂ. ಎರಡು ಮೀಟರ್ ಅಗಲದ ಉರುಟು ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್ ಆಗುತ್ತದೆ, 24 ಗ್ರಾಂ ಪುಡಿ ಸಾಕು. ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಸುಣ್ಣ ತಳಕ್ಕೆ ಕುಳಿತ ಮೇಲೆ ತಿಳಿಯನ್ನು ಮಾತ್ರ ಬೇರೆ ಬಕೆಟ್ಟಿಗೆ ಬಗ್ಗಿಸಿ. ಆ ಬಕೆಟ್ಟನ್ನು ಬಾವಿಗೆ ಇಳಿಸಿ ನೀರಿನೊಳಗೆ ಚೆನ್ನಾಗಿ ಅಲ್ಲಾಡಿಸಿ. ಕನಿಷ್ಠ ಒಂದು ಗಂಟೆ ನೀರು ಮುಟ್ಟಬೇಡಿ. ರಾತ್ರಿ ಹಾಕಿ ಬೆಳಗ್ಗೆ ಬಳಸುವುದು ಸುಲಭ. ಕುಡಿಯಲು ಹೇಗೂ ಕುದಿಸಿದ ನೀರೇ. ಹೋಟೆಲುಗಳಲ್ಲಿ ಬಿಸಿನೀರು ನಸುಗೆಂಪಾಗಿ ಬಂದರೆ ಗಾಬರಿ ಬೇಡ, ಅದು ಪದಿಮುಗದ ಚಕ್ಕೆಯ ಬಣ್ಣ.

ಹೆಜ್ಜೆ 3: ಪತ್ತನಾಜೆಯ ಒಳಗೆ ಮನೆಯನ್ನು ಮಳೆಗೆ ಸಿದ್ಧಗೊಳಿಸಿ

ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಹೊತ್ತಿಗೆ, ಪತ್ತನಾಜೆ. ಯಕ್ಷಗಾನ ಮೇಳಗಳು ಅಂದು ಗೆಜ್ಜೆ ಬಿಚ್ಚುತ್ತವೆ, ಭೂತಕೋಲಗಳು ನಿಲ್ಲುತ್ತವೆ. ಗೃಹಸ್ಥರಿಗೂ ಅದೇ ಗಡುವು. ಬಯಲುಸೀಮೆಯಿಂದ ಬಂದವರಿಗೆ ಇಲ್ಲಿನ ಮಳೆ ಎಂದರೆ ಏನೆಂದು ಮಾತಿನಲ್ಲಿ ಹೇಳಿ ತಿಳಿಸುವುದು ಕಷ್ಟ. ಒಂದು ವಾರ ಬಿಸಿಲೇ ಕಾಣದೆ ಹೋಗಬಹುದು.

ಹಂಚಿನ ಮನೆಯಾದರೆ ಏಪ್ರಿಲಿನಲ್ಲಿಯೇ ಹಂಚು ತೆಗೆದು ಒಡೆದದ್ದನ್ನು ಬದಲಿಸಿ, ಕಸ ಗುಡಿಸಿ, ಮತ್ತೆ ಹೊದೆಸಬೇಕು. ಕೆಲಸದವರು ಮೇ ತಿಂಗಳಿನಲ್ಲಿ ಸಿಗುವುದಿಲ್ಲ. ತಾರಸಿ ಮನೆಯಾದರೆ ನೀರು ಹೋಗುವ ಕೊಳವೆಗಳಲ್ಲಿ ಎಲೆ ಕಟ್ಟಿಕೊಂಡಿದೆಯೇ ನೋಡಿ. ಮರದ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ. ಪುಸ್ತಕ, ರೇಷ್ಮೆ ಸೀರೆ, ಚರ್ಮದ ಚೀಲ, ಪ್ರಮಾಣಪತ್ರಗಳು ಈ ನಾಲ್ಕಕ್ಕೆ ಬೂಸಲು ಮೊದಲು ಹಿಡಿಯುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿಟ್ಟು, ಬಿಸಿಲು ಬಂದ ದಿನ ಎಷ್ಟೇ ಕೆಲಸವಿದ್ದರೂ ಹೊರತೆಗೆದು ಆರಿಸಿ. ಹಿತ್ತಿಲಲ್ಲಿ ಬಚ್ಚಲ ಒಲೆಯಿದ್ದರೆ ಅದರ ಮೇಲೆ ಹಗ್ಗ ಕಟ್ಟಿ, ಶಾಲೆಯ ಸಮವಸ್ತ್ರ ಅಲ್ಲಿಯೇ ಒಣಗುತ್ತದೆ. ಅಂಗಳದಲ್ಲಿ ಪಾಚಿ ಕಟ್ಟಿ ಜಾರುವ ಜಾಗಕ್ಕೆ ಅಡಿಕೆ ಸೋಗೆಯನ್ನು ಹಾಸುವುದು ಊರಿನ ಹಳೆಯ ಉಪಾಯ. ವಯಸ್ಸಾದವರಿರುವ ಮನೆಯಲ್ಲಿ ಇದನ್ನು ಮರೆಯಬೇಡಿ.

ಕೆಸರು ನೀರಿನಲ್ಲಿ ಬರಿಗಾಲಲ್ಲಿ ನಡೆದರೆ ಇಲಿಜ್ವರದ ಭಯವಿದೆ. ಕಾಲಿನಲ್ಲಿ ಗಾಯವಿದ್ದರಂತೂ ಗದ್ದೆಗೆ, ತೋಡಿಗೆ ಇಳಿಯಬೇಡಿ. ತೆಂಗಿನ ಗೆರಟೆ, ಟಯರು, ಹೂಕುಂಡದ ತಟ್ಟೆಗಳಲ್ಲಿ ನೀರು ನಿಂತರೆ ಡೆಂಗಿ ಸೊಳ್ಳೆ. ಅಡಿಕೆ ತೋಟದ ನಡುವೆ ಮನೆಯಿದ್ದರೆ ಬಿದ್ದ ಹಾಳೆಗಳನ್ನೂ ಮಗುಚಿ ಹಾಕಬೇಕು, ಅವುಗಳಲ್ಲಿ ನೀರು ನಿಲ್ಲುತ್ತದೆ. ತುಲಾ ಮಾಸದ (ಅಕ್ಟೋಬರ್-ನವೆಂಬರ್) ಮಳೆ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನೊಂದಿಗೆ ಬರುತ್ತದೆ, ವಿಷುವಿನ ಸುಮಾರಿಗೂ ಹಾಗೆಯೇ. ಮೋಡ ಕಟ್ಟಿದ ಕೂಡಲೇ ಟಿವಿ, ಫ್ರಿಜ್, ಇಂಟರ್‌ನೆಟ್ ಪೆಟ್ಟಿಗೆಯ ಪ್ಲಗ್ ತೆಗೆಯುವ ಅಭ್ಯಾಸ ಮಾಡಿಕೊಳ್ಳಿ. ಕರೆಂಟು ಹೋದರೆ ಕೇರಳ ವಿದ್ಯುತ್ ಮಂಡಳಿಯ ದೂರು ಸಂಖ್ಯೆ 1912.

ಮಳೆಗಾಲವನ್ನು ಕಷ್ಟವೆಂದು ಮಾತ್ರ ಕಾಣಬೇಡಿ. ಮೇಳಗಳು ನಿಂತ ಮೇಲೆ ತಾಳಮದ್ದಳೆಯ ಕಾಲ. ಹೊರಗೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಸುರಿಯುತ್ತಿರುವಾಗ ಊರ ಸಭಾಭವನದಲ್ಲಿ ಅರ್ಥಧಾರಿಗಳು ಮಾತಿಗೆ ಮಾತು ಹೆಣೆಯುತ್ತಾರೆ. ಒಳ್ಳೆಯ ಕನ್ನಡ ಕೇಳಬೇಕೆಂದರೆ ಇದಕ್ಕಿಂತ ಬೇರೆ ಜಾಗ ನನಗೆ ಗೊತ್ತಿಲ್ಲ.

ಹೆಜ್ಜೆ 4: ಕಾಗದಪತ್ರ

ಮನೆ ಹಿಡಿದ ದಿನವೇ ಮಾಲೀಕರಿಂದ ಮನೆಯ ಸಂಖ್ಯೆ ಬರೆಸಿಕೊಳ್ಳಿ. ಇಲ್ಲಿ ಪ್ರತಿ ಮನೆಗೂ ಪಂಚಾಯತಿಯೋ ನಗರಸಭೆಯೋ ಕೊಟ್ಟ ವಾರ್ಡು ಮತ್ತು ಮನೆ ಸಂಖ್ಯೆ ಇರುತ್ತದೆ, ಎಲ್ಲ ಅರ್ಜಿಗಳೂ ಅದನ್ನು ಕೇಳುತ್ತವೆ. ವಾರ್ಡುಗಳ ಮರುವಿಂಗಡಣೆಯಾದಾಗ ಸಂಖ್ಯೆ ಬದಲಾಗುವುದರಿಂದ ಬಾಗಿಲಿನ ಹಳೆಯ ತಗಡನ್ನು ನೋಡಿ ಬರೆಯಬೇಡಿ. ವಿಳಾಸದಲ್ಲಿ ಮನೆಯ ಹೆಸರಿಗೂ ಅಂಚೆ ಕಚೇರಿಯ ಹೆಸರಿಗೂ ತೂಕ ಹೆಚ್ಚು. 671ರಿಂದ ಶುರುವಾಗುವ ಪಿನ್ ಸಂಖ್ಯೆ ಬರೆದು ಮನೆ ಹೆಸರು ಬಿಟ್ಟರೆ ಅಂಚೆಯವರಿಗೆ ಕಷ್ಟ. ಊರಿನ ಹೆಸರುಗಳಿಗೆ ಕನ್ನಡದ ಒಂದು ರೂಪ, ಮಲಯಾಳದ ಒಂದು ರೂಪ ಇರುತ್ತದೆ. ದಾಖಲೆಗಳಲ್ಲಿ ಎಲ್ಲ ಕಡೆಯೂ ಒಂದೇ ರೂಪ ಬರುವಂತೆ ನೋಡಿಕೊಳ್ಳಿ.

ಆಧಾರ್ ವಿಳಾಸ, ರೇಷನ್ ಕಾರ್ಡ್, ಬಗೆಬಗೆಯ ಪ್ರಮಾಣಪತ್ರಗಳಿಗೆ ಅಕ್ಷಯ ಕೇಂದ್ರಕ್ಕೆ, ಅಂದರೆ ಸರ್ಕಾರಿ ಸೇವೆಗಳಿಗೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಕೇಂದ್ರಕ್ಕೆ ಹೋಗಿ. ಕರ್ನಾಟಕದ ರೇಷನ್ ಕಾರ್ಡಿನಿಂದ ಹೆಸರು ತೆಗೆಸಿದ ಪತ್ರ ಕೈಯಲ್ಲಿದ್ದರೆ ಇಲ್ಲಿ ಹೊಸ ಕಾರ್ಡು ಸುಲಭ. ಹಳದಿ, ಗುಲಾಬಿ, ನೀಲಿ, ಬಿಳಿ ಎಂದು ನಾಲ್ಕು ಬಣ್ಣಗಳಿದ್ದು, ಆದಾಯವಿರುವ ಕುಟುಂಬಗಳಿಗೆ ಸಾಮಾನ್ಯವಾಗಿ ಬಿಳಿ ಬರುತ್ತದೆ. ಅಕ್ಕಿ ಬೇಡದಿದ್ದರೂ ಕಾರ್ಡು ಮಾಡಿಸಿ, ಗುರುತಿನ ದಾಖಲೆಯಾಗಿ ಪದೇ ಪದೇ ಬೇಕಾಗುತ್ತದೆ.

ವಿದ್ಯುತ್ ಬಿಲ್ಲು ಎರಡು ತಿಂಗಳಿಗೊಮ್ಮೆ. ಮೊತ್ತ ಕಂಡು ಬೆಚ್ಚುವ ಮೊದಲು ಎರಡರಿಂದ ಭಾಗಿಸಿ. ಪ್ಲಾಸ್ಟಿಕ್ ಕಸವನ್ನು ತೊಳೆದು ಒಣಗಿಸಿ ಇಡಿ, ಹರಿತ ಕರ್ಮ ಸೇನೆಯ ಮಹಿಳೆಯರು ಮನೆಗೆ ಬಂದು ಒಯ್ಯುತ್ತಾರೆ. ಅವರ ತಿಂಗಳ ಶುಲ್ಕವನ್ನು ತಪ್ಪದೆ ಕೊಡಿ. ಹಿತ್ತಿಲಲ್ಲಿ ಪ್ಲಾಸ್ಟಿಕ್ ಸುಟ್ಟರೆ ದಂಡವಿದೆ.

ಕರ್ನಾಟಕ ನೋಂದಣಿಯ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಯೇ ಇಟ್ಟುಕೊಳ್ಳುವುದಾದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮರುನೋಂದಣಿ ಮಾಡಿಸಬೇಕು. ಹಳೆಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರದೊಂದಿಗೆ ಇಲ್ಲಿ ತೆರಿಗೆ ಕಟ್ಟಿದರೆ ಕಾಸರಗೋಡಿನ ಕೆಎಲ್ 14 ಅಥವಾ ಕಾಞಂಗಾಡಿನ (ಹೊಸದುರ್ಗದ) ಕೆಎಲ್ 60 ಸಂಖ್ಯೆ ಸಿಗುತ್ತದೆ. ಲೋಕಸಭೆ, ವಿಧಾನಸಭೆಯ ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8. ಪಂಚಾಯತಿ, ನಗರಸಭೆಗಳ ಮತದಾರರ ಪಟ್ಟಿ ಬೇರೆ, ಅದಕ್ಕೂ ಹೆಸರು ಸೇರಿಸಿ. ಇದನ್ನು ಮುಂದೂಡುವವರೇ ಹೆಚ್ಚು. ದಯವಿಟ್ಟು ಮುಂದೂಡಬೇಡಿ. ಎಲ್ಲಿ ಮತ ಹಾಕುತ್ತೀರೋ ಅಲ್ಲಿನ ವಾರ್ಡ್ ಸದಸ್ಯ ನಿಮ್ಮ ಮಾತಿಗೆ ಕಿವಿಗೊಡುತ್ತಾರೆ.

ಹೆಜ್ಜೆ 5: ಕನ್ನಡವನ್ನು ಬಳಸಿ, ಮಲಯಾಳವನ್ನು ಕಲಿಯಿರಿ

1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಅಂದು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಬಡಗು ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿದರೂ ಅದು ಜಾರಿಯಾಗಲಿಲ್ಲ. ಈ ಜಿಲ್ಲೆ ಹುಟ್ಟಿದ್ದು 1984ರ ಮೇ 24ರಂದು. ಕರ್ನಾಟಕಕ್ಕೆ ಸೇರದೆ ಹೋದ ನೋವು ಇಲ್ಲಿನ ಹಿರಿಯರ ಎದೆಯಲ್ಲಿ ಇನ್ನೂ ಹಸಿಯಾಗಿದೆ. ಹೊಸಬರಾದ ನೀವು ಅಭಿಪ್ರಾಯ ಹೇಳುವ ಮೊದಲು ಅವರ ಮಾತು ಕೇಳಿ. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಯವರ ಮನೆಗೆ, ಕುಂಬಳೆ ಸೀಮೆಯಲ್ಲಿ ಪಾರ್ತಿಸುಬ್ಬ ಬಾಳಿದ ನೆಲಕ್ಕೆ, ಕಯ್ಯಾರ ಕಿಞ್ಞಣ್ಣ ರೈಗಳ ಬದಿಯಡ್ಕಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಬೇಕಲದ ಕೋಟೆ ಕಟ್ಟಿಸಿದವರು ಕೆಳದಿಯ ನಾಯಕರು ಎಂಬುದನ್ನು ಅಲ್ಲಿಯೇ ನಿಂತು ಹೇಳಿ.

ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ತಮಿಳು ಮತ್ತು ಕನ್ನಡ ಭಾಷಾ ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಲು ಅವಕಾಶ ಕೊಟ್ಟಿದೆ. ಆದ್ದರಿಂದ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಯಲ್ಲಿ ಕನ್ನಡದಲ್ಲಿಯೇ ಅರ್ಜಿ ಬರೆದುಕೊಡಿ, ಕನ್ನಡದ ನಮೂನೆಯಿದೆಯೇ ಎಂದು ಪ್ರತಿ ಸಲವೂ ವಿನಯದಿಂದ ಕೇಳಿ. ಇಂಗ್ಲಿಷಿನಲ್ಲಿ ಬರೆದರೆ ಕೆಲಸ ಬೇಗ ಆಗಬಹುದು. ಆದರೆ ಕನ್ನಡದ ಅರ್ಜಿಗಳು ಬರುವುದು ನಿಂತರೆ, ಕನ್ನಡ ಬಲ್ಲ ಸಿಬ್ಬಂದಿಯ ಅಗತ್ಯವಿಲ್ಲ ಎಂಬ ಮಾತಿಗೆ ನಾವೇ ಆಧಾರ ಒದಗಿಸಿದಂತಾಗುತ್ತದೆ. ನೀವು ಎರಡು ವರ್ಷದಲ್ಲಿ ವರ್ಗವಾಗಿ ಹೋಗಬಹುದು, ಪಕ್ಕದ ಮನೆಯ ಮಗು ಇಲ್ಲಿಯೇ ಇರುತ್ತದೆ.

ಜೊತೆಗೇ ಮಲಯಾಳ ಕಲಿಯಿರಿ. ಇದನ್ನು ಸೋಲೆಂದು ಭಾವಿಸುವವರನ್ನು ನಾನು ಒಪ್ಪುವುದಿಲ್ಲ. ಈ ಜಿಲ್ಲೆಯನ್ನು ಸಪ್ತಭಾಷೆಗಳ ನಾಡು ಎನ್ನುತ್ತಾರೆ. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಇಲ್ಲಿ ಒಂದೇ ಬಸ್ಸಿನಲ್ಲಿ ಕೇಳಿಸುತ್ತವೆ, ಇಲ್ಲಿನ ಅಂಗಡಿಯವರು ಗಿರಾಕಿಯ ಮುಖ ನೋಡಿ ಮಾತು ಬದಲಿಸುತ್ತಾರೆ. ಮೊದಲು ಅಕ್ಷರ ಕಲಿಯಿರಿ, ಆಮೇಲೆ ಮಾತು. ಕನ್ನಡ ವರ್ಣಮಾಲೆಯ ಕ್ರಮವೇ ಅಲ್ಲಿಯೂ ಇರುವುದರಿಂದ ದಿನಕ್ಕೆ ನಾಲ್ಕೈದು ಅಕ್ಷರ ಬರೆದರೆ ಸಾಕು. ಬಸ್ಸಿನ ಫಲಕಗಳೇ ಒಳ್ಳೆಯ ಪಠ್ಯ. ಹಳೆಯ ತಾಡವಾಲೆಗಳ ತುಳು ಲಿಪಿಗೂ ಮಲಯಾಳ ಲಿಪಿಗೂ ಹತ್ತಿರದ ನಂಟಿದೆ, ಇತಿಹಾಸದಲ್ಲಿ ಆಸಕ್ತಿಯಿರುವವರಿಗೆ ಅದೊಂದು ಹೆಚ್ಚಿನ ಲಾಭ. ಮಾತನಾಡಲು ಶುರುಮಾಡುವಾಗ ತಪ್ಪಾದೀತೆಂಬ ನಾಚಿಕೆ ಬೇಡ. ಮೀನಿನ ಅಂಗಡಿ, ಆಟೋ, ಅಕ್ಷಯ ಕೇಂದ್ರ ಈ ಮೂರು ಜಾಗಗಳಲ್ಲಿ ಪ್ರಯತ್ನಿಸಿ.

ಒಂದು ವಿನಂತಿಯೂ ಇದೆ. ಇಲ್ಲಿನ ಹವ್ಯಕ ಕನ್ನಡವನ್ನಾಗಲಿ, ತುಳು ಬೆರೆತ ಕನ್ನಡವನ್ನಾಗಲಿ ತಿದ್ದಲು ಹೋಗಬೇಡಿ. ಶಾಲೆಯಲ್ಲಿ, ಕಚೇರಿಯಲ್ಲಿ, ಬೀದಿಯಲ್ಲಿ ಬೇರೆ ಭಾಷೆಗಳ ನಡುವೆ ಎರಡು ಮೂರು ತಲೆಮಾರು ಕಾಪಾಡಿಕೊಂಡು ಬಂದ ಮಾತು ಅದು.

ಹೆಜ್ಜೆ 6: ಅಡುಗೆಮನೆ

ಕುಚ್ಚಲಕ್ಕಿಗೆ ಒಗ್ಗಿಕೊಳ್ಳಿ. ಬೇಯಲು ಹೊತ್ತು ಹಿಡಿಯುತ್ತದೆ ಎಂದು ಗ್ಯಾಸ್ ಸುಡಬೇಕಾಗಿಲ್ಲ. ಇಲ್ಲಿನ ಎಲ್ಲ ಪಾತ್ರೆ ಅಂಗಡಿಗಳಲ್ಲಿಯೂ ಸಿಗುವ ಥರ್ಮಲ್ ಕುಕ್ಕರಿನಲ್ಲಿ ಹತ್ತು ಹದಿನೈದು ನಿಮಿಷ ಕುದಿಸಿದ ಪಾತ್ರೆಯನ್ನು ಇಳಿಸಿ ಮುಚ್ಚಿಟ್ಟರೆ ಅನ್ನ ತಾನಾಗಿ ಅರಳುತ್ತದೆ. ರಾಗಿ ಹಿಟ್ಟು, ಜೋಳದ ಹಿಟ್ಟು, ನಿಮ್ಮ ಊರಿನ ಸಾರಿನ ಪುಡಿ ತಂದಿಟ್ಟುಕೊಳ್ಳಿ, ವಾರಕ್ಕೊಮ್ಮೆ ಮುದ್ದೆಯೋ ರೊಟ್ಟಿಯೋ ಆದರೆ ಮನಸ್ಸಿಗೆ ನೆಮ್ಮದಿ. ಉಳಿದ ದಿನಗಳಲ್ಲಿ ಕೊಬ್ಬರಿ ಎಣ್ಣೆಯ ಅಡುಗೆಯನ್ನೇ ಮಾಡಿ ನೋಡಿ.

ಮಾರ್ಚಿನಿಂದ ಜೂನಿನವರೆಗೆ ಹಲಸು. ಕೊಂಡು ತರಬೇಕಾಗಿಯೇ ಇಲ್ಲ, ಯಾರಾದರೂ ಜಗಲಿಯಲ್ಲಿಟ್ಟು ಹೋಗಿರುತ್ತಾರೆ. ಬಿಸಿಲಿರುವಾಗ ಹಪ್ಪಳ ಹಾಕಿ, ಸೊಳೆಗಳನ್ನು ಉಪ್ಪುನೀರಿನಲ್ಲಿ ಹಾಕಿಟ್ಟರೆ ಮಳೆಗಾಲದ ಪಲ್ಯಕ್ಕೂ ಉಂಡ್ಲಕಾಳಿಗೂ ಆಗುತ್ತದೆ. ಪುನರ್ಪುಳಿಯ (ಕೋಕಂ) ಸಿಪ್ಪೆಯನ್ನು ಒಣಗಿಸಿಟ್ಟುಕೊಳ್ಳಿ. ಮೀನು ತಿನ್ನುವವರು ಜೂನ್ ಎರಡನೆಯ ವಾರದಿಂದ ಜುಲೈ ಕೊನೆಯವರೆಗೆ 52 ದಿನಗಳ ಟ್ರಾಲಿಂಗ್ ನಿಷೇಧವಿದೆ ಎಂದು ತಿಳಿದಿರಲಿ, ಆಗ ಬೂತಾಯಿ ಬಂಗುಡೆಗಳ ಬೆಲೆ ಏರುತ್ತದೆ. ಆಟಿ ಅಮಾವಾಸ್ಯೆಯ ಬೆಳಗ್ಗೆ ಹಾಳೆಮರದ ಕೆತ್ತೆಯ ಕಷಾಯ ಕುಡಿಯುವ ಪದ್ಧತಿಯಿದೆ. ಮರವನ್ನು ಚೆನ್ನಾಗಿ ಬಲ್ಲವರು ಕೊಟ್ಟರೆ ಮಾತ್ರ ಕುಡಿಯಿರಿ. ತಪ್ಪು ಮರದ ಕೆತ್ತೆ ಪ್ರಾಣಕ್ಕೆ ಅಪಾಯ.

ಹಿತ್ತಿಲಿನ ಮಣ್ಣು ಕೆಂಪು, ಗಟ್ಟಿ. ಸೊಪ್ಪು, ಬೂದಿ, ಸಗಣಿಗೊಬ್ಬರ ಹಾಕದೆ ಏನೂ ಬರುವುದಿಲ್ಲ. ಮಳೆ ಇಳಿದ ಮೇಲೆ ಪಕ್ಕದ ಮನೆಯಿಂದ ಬಸಳೆಯ ಒಂದು ತುಂಡು ಬಳ್ಳಿ ಕೇಳಿ ತಂದು ನೆಟ್ಟು ಚಪ್ಪರ ಹಾಕಿ. ಬಳ್ಳಿ ಕೊಟ್ಟವರು ಅದು ಬದುಕಿತೇ ಎಂದು ನೋಡಲು ಬಂದೇ ಬರುತ್ತಾರೆ.

ಹೆಜ್ಜೆ 7: ನೆರೆಹೊರೆ

ಹೊಸಮನೆಯಲ್ಲಿ ಹಾಲುಕ್ಕಿಸುವ ಪದ್ಧತಿ ಕನ್ನಡದ ಮನೆಗಳಲ್ಲಿಯೂ ಇದೆ, ಮಲಯಾಳದ ಮನೆಗಳಲ್ಲಿಯೂ ಇದೆ. ಬಾಡಿಗೆ ಮನೆಯೇ ಆದರೂ ಚಿಕ್ಕದಾಗಿ ಮಾಡಿ, ಸುತ್ತಲಿನ ಏಳೆಂಟು ಮನೆಯವರನ್ನು ಜಾತಿ ಮತ ನೋಡದೆ ಕರೆಯಿರಿ. ಅವಲಕ್ಕಿ, ಬಾಳೆಹಣ್ಣು, ಚಹಾ ಸಾಕು. ಅಂದು ಮನೆಯೊಳಗೆ ಬಂದವರು ಮುಂದೆ ಮಳೆಯ ರಾತ್ರಿಯಲ್ಲಿ ಆಟೋ ಹುಡುಕಿ ಕೊಡುತ್ತಾರೆ.

ಇಲ್ಲಿ ಮಾತಿಗೆ ವಿಷಯ ಹುಡುಕಬೇಕಾಗಿಲ್ಲ, ಕೃಷಿಯೇ ವಿಷಯ. ಜೂನಿನಲ್ಲಿ "ಮದ್ದು ಬಿಟ್ಟಾಯಿತೇ?" ಎಂದು ಕೇಳಿ. ಕೊಳೆರೋಗ ತಡೆಯಲು ಅಡಿಕೆ ಗೊನೆಗೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುವ ಕೆಲಸ ಅದು. ಮಳೆ ಹೊಳವು ಕೊಡದೆ ಅದು ಆಗುವುದಿಲ್ಲ, ಹಾಗಾಗಿ ಆ ದಿನಗಳಲ್ಲಿ ಯಾರನ್ನೂ ಯಾವ ಕೆಲಸಕ್ಕೂ ಕರೆಯಬೇಡಿ. ಮಳೆಗಾಲ ಮುಗಿದ ಮೇಲೆ ತೋಡಿಗೆ ಕಟ್ಟ ಕಟ್ಟುವ ಕೆಲಸ ಬರುತ್ತದೆ. ಏತಡ್ಕದಂಥ ಊರುಗಳಲ್ಲಿ ರೈತರು ಒಟ್ಟಾಗಿ ಕಲ್ಲು ಮಣ್ಣಿನಿಂದ ತಡೆ ಕಟ್ಟಿ ಹರಿಯುವ ನೀರನ್ನು ನಿಲ್ಲಿಸುತ್ತಾರೆ. ನಿಮ್ಮ ಊರಿನಲ್ಲಿ ಅಂಥ ಕೆಲಸವಿದ್ದರೆ ಒಂದು ದಿನ ಹೋಗಿ ಮಣ್ಣು ಹೊರಿ, ಇಲ್ಲವೇ ಒಂದು ಹೊತ್ತಿನ ಚಹಾ ತಿಂಡಿ ಒಯ್ಯಿರಿ. ನಿಮ್ಮ ಬಾವಿಯ ಏಪ್ರಿಲ್ ತಿಂಗಳ ನೀರಿಗೂ ಆ ಕಟ್ಟಕ್ಕೂ ನೇರ ಸಂಬಂಧವಿದೆ.

ಮಹಿಳೆಯರಿಗೆ ಕುಟುಂಬಶ್ರೀಯ ನೆರೆಕೂಟ ಅತ್ಯುತ್ತಮ ಬಾಗಿಲು. 1998ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಹತ್ತಿಪ್ಪತ್ತು ಮನೆಗಳ ಮಹಿಳೆಯರು ಸೇರಿ ಉಳಿತಾಯ ಮಾಡುತ್ತಾರೆ, ಸಾಲ ಪಡೆಯುತ್ತಾರೆ, ಪಂಚಾಯತಿಯ ಸುದ್ದಿಯೆಲ್ಲ ಅಲ್ಲಿಗೇ ಮೊದಲು ಬರುತ್ತದೆ. ಗಂಡಸರಿಗೂ ಯುವಕರಿಗೂ ಊರಿನ ವಾಚನಾಲಯ ಮತ್ತು ಕ್ಲಬ್ಬುಗಳಿವೆ. ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳು ಕಡಿಮೆಯಿದ್ದರೆ ನಿಮ್ಮಲ್ಲಿರುವುದನ್ನು ಕೊಡಿ.

ಹಬ್ಬಗಳಿಗೆ ಹೋಗಿ. ಬಡಗಿನಲ್ಲಿ ಕೋಲ ನೇಮಗಳು, ತೆಂಕಿನಲ್ಲಿ ತುಲಾ ಹತ್ತರಿಂದ ತೆಯ್ಯಂ, ಅದು ಕೋಲದಂಥದೇ ದೈವಾರಾಧನೆ. ಅಡೂರು, ಮಧೂರು, ಕಾವು (ಮುಜುಂಗಾವು), ಕಣಿಯಾರ (ಕುಂಬಳೆ) ಎಂದು ಕುಂಬಳೆ ಸೀಮೆಯವರು ಒಂದೇ ಉಸಿರಿನಲ್ಲಿ ಹೇಳುವ ನಾಲ್ಕು ದೇವಸ್ಥಾನಗಳನ್ನು ಮೊದಲ ವರ್ಷದಲ್ಲಿಯೇ ನೋಡಿಕೊಳ್ಳಿ. ಮಧೂರಿನ ಅಪ್ಪ ಪ್ರಸಾದವನ್ನು ಹಳೆಯ ಊರಿನವರಿಗೂ ಒಯ್ಯಿರಿ. ಎಡನೀರು ಮಠದಲ್ಲಿ ಯಕ್ಷಗಾನವಿದ್ದರೆ ತಪ್ಪಿಸಿಕೊಳ್ಳಬೇಡಿ. 1973ರ ಸುಪ್ರೀಂ ಕೋರ್ಟಿನ ಪ್ರಸಿದ್ಧ ತೀರ್ಪಿಗೆ ಹೆಸರು ಬಂದದ್ದು ಆ ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರಿಂದ. ತಳಂಗರೆಯ ಮಾಲಿಕ್ ದೀನಾರ್ ಮಸೀದಿ, ಬೇಳದ ಇಗರ್ಜಿ ಎರಡೂ ಈ ನೆಲದ ಹಳೆಯ ಗುರುತುಗಳು. ಮಂಜೇಶ್ವರದ ಉದ್ಯಾವರದಲ್ಲಿ ದೈವಸ್ಥಾನದ ಉತ್ಸವಕ್ಕೆ ಮಸೀದಿಗೆ ಹೋಗಿ ಆಹ್ವಾನ ಕೊಡುವ ಕ್ರಮ ಇಂದಿಗೂ ನಡೆದು ಬಂದಿದೆ. ತೆಯ್ಯಂ, ಕೋಲಗಳಲ್ಲಿ ಕೇಳದೆ ಫೋಟೋ ತೆಗೆಯಬೇಡಿ.

ಮನೆಗೆ ಬೇಕಾದ ಬಟ್ಟೆಬರೆಯನ್ನೂ ಇಲ್ಲಿಂದಲೇ ಆರಿಸಬಹುದು. ವಿದ್ಯಾನಗರದ ನೇಕಾರರ ಹತ್ತಿಯ ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಸೆಕೆಗಾಲಕ್ಕೆ ಅದಕ್ಕಿಂತ ಹಿತವಾದ ಬಟ್ಟೆಯಿಲ್ಲ.

ಹೆಜ್ಜೆ 8: ಮಕ್ಕಳ ಶಾಲೆ

ಬಡಗು ಭಾಗದಲ್ಲಿ ಸರ್ಕಾರಿ ಮತ್ತು ಅನುದಾನಿತ ಕನ್ನಡ ಮಾಧ್ಯಮ ಶಾಲೆಗಳಿವೆ, ಎಸ್ಎಸ್ಎಲ್‌ಸಿಯನ್ನೂ ಕನ್ನಡದಲ್ಲಿ ಬರೆಯಬಹುದು. ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ಸ್ನಾತಕೋತ್ತರ ಪದವಿಯವರೆಗೆ ಕನ್ನಡ ಓದಬಹುದು. ಇಂಗ್ಲಿಷ್ ಮಾಧ್ಯಮವನ್ನೇ ಆರಿಸಿದರೂ ಕನ್ನಡವನ್ನು ಭಾಷೆಯಾಗಿ ಕಲಿಸುವ ಶಾಲೆಯನ್ನು ಹುಡುಕಿ. ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯ್ದೆ 2017ರಲ್ಲಿ ಬಂದಿದೆ. ನಿಮ್ಮ ಮಗುವಿನ ಶಾಲೆಯಲ್ಲಿ ಅದು ಹೇಗೆ ನಡೆಯುತ್ತಿದೆ ಎಂದು ಪ್ರವೇಶದ ದಿನವೇ ಕೇಳಿ.

ರಜೆಯ ಲೆಕ್ಕ ಬೇರೆ. ಇಲ್ಲಿ ಉದ್ದದ ರಜೆ ಓಣಂ ಮತ್ತು ಕ್ರಿಸ್‌ಮಸ್‌ಗೆ, ದಸರಾಕ್ಕೆ ಎರಡು ಮೂರು ದಿನ ಮಾತ್ರ. ಊರಿನ ಅಜ್ಜಿ, ಚಿಕ್ಕಪ್ಪಂದಿರಿಗೆ ಇದನ್ನು ಮೊದಲೇ ತಿಳಿಸಿ. ಅಕ್ಕತಂಗಿಯರ ಮಕ್ಕಳು ಒಟ್ಟುಗೂಡುವುದು ಬೇಸಿಗೆಯಲ್ಲಿಯೇ.

ಹೆಜ್ಜೆ 9: ಗಡಿಯ ಈಚೆಯೇ ಒಬ್ಬ ವೈದ್ಯರು

ದೊಡ್ಡ ಕಾಯಿಲೆಗೆ ಮಂಗಳೂರಿಗೆ ಹೋಗುವುದು ಇಲ್ಲಿನವರ ಹಳೆಯ ಅಭ್ಯಾಸ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆ ದಾರಿಯೇ ಇಲ್ಲವಾಯಿತು. ಹತ್ತಿರದ ಕುಟುಂಬಾರೋಗ್ಯ ಕೇಂದ್ರ, ಆಶಾ ಕಾರ್ಯಕರ್ತೆಯ ಫೋನ್ ಸಂಖ್ಯೆ, ಕಾಸರಗೋಡಿನ ಜನರಲ್ ಆಸ್ಪತ್ರೆಗೆ ಹೋಗುವ ದಾರಿ ತಿಳಿದಿರಲಿ. ನಿತ್ಯದ ಔಷಧಿ ಒಂದು ವಾರಕ್ಕೆ ಸಾಕಾಗುವಷ್ಟು ಮನೆಯಲ್ಲಿರಲಿ. ಕೇರಳದಲ್ಲಿ ಹರತಾಳ ಕರೆ ಬಂದರೆ ಬಸ್ಸು, ಅಂಗಡಿ ಎರಡೂ ಇರುವುದಿಲ್ಲ.

ಹೆಜ್ಜೆ 10: ಗ್ರಾಮಸಭೆಗೆ ಹೋಗಿ

ಕೇರಳದ ಪಂಚಾಯತ್ ಕಾಯ್ದೆಯ ಪ್ರಕಾರ ಪ್ರತಿ ವಾರ್ಡಿನಲ್ಲಿಯೂ ಕನಿಷ್ಠ ಮೂರು ತಿಂಗಳಿಗೊಮ್ಮೆ ಗ್ರಾಮಸಭೆ ಸೇರಬೇಕು. ಆ ವಾರ್ಡಿನ ಮತದಾರರೆಲ್ಲರೂ ಅದರ ಸದಸ್ಯರು. ಪಂಚಾಯತಿಯ ಮತದಾರರ ಪಟ್ಟಿಗೆ ಹೆಸರು ಸೇರಿದ ಮೇಲೆ ಬರುವ ಮೊದಲ ಸಭೆಗೇ ಹೋಗಿ. ಸಾಮಾನ್ಯವಾಗಿ ಶಾಲೆಯಲ್ಲಿಯೋ ಅಂಗನವಾಡಿಯಲ್ಲಿಯೋ ನಡೆಯುತ್ತದೆ. ದಿನಾಂಕವನ್ನು ವಾರ್ಡ್ ಸದಸ್ಯರಿಂದ ಇಲ್ಲವೇ ಕುಟುಂಬಶ್ರೀಯಿಂದ ತಿಳಿದುಕೊಳ್ಳಿ. ಮೊದಲ ಸಲ ಸುಮ್ಮನೆ ಕುಳಿತು ಕೇಳಿದರೂ ಊರಿನ ಯಾವ ರಸ್ತೆಗೆ ಯಾರು ಬಡಿದಾಡುತ್ತಿದ್ದಾರೆ, ಯಾವ ಕೆರೆಯ ಹೂಳು ತೆಗೆಯಬೇಕಾಗಿದೆ ಎಲ್ಲವೂ ತಿಳಿಯುತ್ತದೆ. ಎರಡನೆಯ ಸಲ ನಿಮ್ಮ ಬೇಡಿಕೆಯೊಂದನ್ನು ಕನ್ನಡದಲ್ಲಿ ಬರೆದು ಒಯ್ಯಿರಿ, ಸಭೆಯಲ್ಲಿ ಅದನ್ನು ನಿಮಗೆ ಬಂದಷ್ಟು ಮಲಯಾಳದಲ್ಲಿ ಹೇಳಿ. ಬರೆದದ್ದರ ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ, ಮುಂದಿನ ಸಭೆಯಲ್ಲಿ ಅದು ಏನಾಯಿತೆಂದು ಕೇಳಲು ಬೇಕಾಗುತ್ತದೆ.